ಹಳೆ ಬೈಕಿನ ಫೋರ್ಕ್ ಬಿಚ್ಚಲು ಮನೆಯಲ್ಲೇ ಮಾಡಿಕೊಳ್ಳುವ ಹತಾರಗಳು

ಮಳೆಗಾಲ ಮುಗಿಯುವ ಹೊತ್ತಿಗೆ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಹಳೆ ಬೈಕುಗಳ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಎರಡು ಬದಿಯಲ್ಲಿ ಹಿಡಿದಿರುವ ಕಾಲುಗಳನ್ನು ನೋಡಿ. ಪೈಪಿನ ಸುತ್ತ ಎಣ್ಣೆಯ ಉಂಗುರ ಕಟ್ಟಿರುತ್ತದೆ, ಅದಕ್ಕೆ ಕೆಮ್ಮಣ್ಣು ಮೆತ್ತಿರುತ್ತದೆ. ತೋಟದ ದಾರಿಯ ಕೆಸರು ಪೈಪಿನ ಮೇಲೆ ಒಣಗುತ್ತದೆ. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಆ ಮಣ್ಣು ಆಯಿಲ್ ಸೀಲಿನ, ಅಂದರೆ ಒಳಗಿನ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಉಂಗುರದ, ತುಟಿಯನ್ನು ಉಜ್ಜುತ್ತದೆ. ತಿಂಗಳುಗಟ್ಟಲೆ ತೇವದಲ್ಲಿ ನಿಂತರೆ ಕ್ರೋಮ್ ಎದ್ದು ತುಕ್ಕಿನ ಚುಕ್ಕಿಗಳೂ ಬರುತ್ತವೆ, ಅವು ಸೀಲನ್ನು ಇನ್ನೂ ಬೇಗ ಕೊಯ್ಯುತ್ತವೆ.

ಸೀಲ್ ದೊಡ್ಡ ಖರ್ಚಲ್ಲ. ಕಷ್ಟ ಇರುವುದು ಫೋರ್ಕ್ ಬಿಚ್ಚುವುದರಲ್ಲಿ. ಪೈಪ್ ರೆಂಚ್ ಹಾಕಿ ತಿರುಗಿಸಿದರೆ ಅದರ ಹಲ್ಲಿನ ಗೀರು ಉಳಿಯುತ್ತದೆ. ಸೀಲ್ ಓಡಾಡುವ ಜಾಗದಲ್ಲಿ ಒಂದು ಗೀರು ಬಿದ್ದರೂ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ನಿಂತದ್ದೂ ಅದೇ 1996ರಲ್ಲಿ. ಇಂಥ ಗಾಡಿಗಳಿಗೆ ಕಂಪನಿಯ ಸ್ಪೆಷಲ್ ಟೂಲ್ ಹುಡುಕಿಕೊಂಡು ಅಲೆಯುವುದಕ್ಕಿಂತ ನಾವೇ ಮಾಡಿಕೊಳ್ಳುವುದು ಸುಲಭ. ಬೇಕಾದ್ದೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ, ಗುಜರಿಯಲ್ಲಿ, ತೋಟದ ಶೆಡ್ಡಿನಲ್ಲೇ ಸಿಗುತ್ತದೆ. ಪ್ರತಿ ಹತಾರಕ್ಕೂ ಒಂದೇ ನಿಯಮ: ಗಟ್ಟಿಯಾಗಿ ಹಿಡಿಯಬೇಕು, ಗೀರಬಾರದು.

ಮೊದಲು ಗಾಡಿ ನಿಂತಲ್ಲೇ ಮಾಡುವ ಕೆಲಸ

ಆತುರದಲ್ಲಿ ಫೋರ್ಕನ್ನು ಕಳಚಿ ಕೈಗೆ ತಗೋಬೇಡಿ. ಪೈಪಿನ ಮೇಲಿನ ಕ್ಯಾಪನ್ನು ಗಾಡಿಯಲ್ಲಿರುವಾಗಲೇ ಸ್ವಲ್ಪ ಸಡಿಲಿಸಬೇಕು. ಅದಕ್ಕೂ ಮುಂಚೆ ಮೇಲಿನ ಕ್ಲಾಂಪಿನ ಬೋಲ್ಟ್ ಸಡಿಲ ಮಾಡಿ, ಇಲ್ಲದಿದ್ದರೆ ಕ್ಲಾಂಪ್ ಪೈಪನ್ನು ಅದುಮಿಕೊಂಡು ಕ್ಯಾಪಿನ ಥ್ರೆಡ್ಡನ್ನೂ ಬಿಗಿ ಹಿಡಿದಿರುತ್ತದೆ.

ಎರಡನೆಯದು ಫೋರ್ಕಿನ ತಳದಲ್ಲಿರುವ ಅಲೆನ್ ಬೋಲ್ಟ್. ಡ್ಯಾಂಪರ್ ರಾಡ್ (ಫೋರ್ಕಿನ ಕುಲುಕಾಟವನ್ನು ಹದ್ದಿನಲ್ಲಿಡುವ ಒಳಗಿನ ಸರಳು) ಇರುವ ಫೋರ್ಕುಗಳಲ್ಲಿ ಈ ಬೋಲ್ಟ್ ತಳದಿಂದ ಹೋಗಿ ಒಳಗಿನ ರಾಡನ್ನು ಹಿಡಿದಿರುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಇದನ್ನು ತಿರುಗಿಸಿದರೆ ಒಳಗಿನ ರಾಡೂ ಜೊತೆಗೇ ಸುತ್ತುತ್ತದೆ, ಬೋಲ್ಟ್ ಮಾತ್ರ ಬಿಚ್ಚುವುದಿಲ್ಲ. ಸ್ಪ್ರಿಂಗ್ ಒಳಗಿದ್ದು ಒತ್ತುತ್ತಿರುವಾಗ ರಾಡ್ ಸುಲಭಕ್ಕೆ ಸುತ್ತುವುದಿಲ್ಲ. ಒಬ್ಬರು ಹ್ಯಾಂಡಲ್ ಮೇಲೆ ಭಾರ ಹಾಕಿ ಫೋರ್ಕನ್ನು ಕೆಳಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಲಿ. ಅಷ್ಟು ಸಾಕು. ಅಡಿಗೆ ಒಂದು ತಟ್ಟೆ ಇಡಿ, ಎಣ್ಣೆ ಸೋರುತ್ತದೆ. ಕೆಲವು ಗಾಡಿಗಳಲ್ಲಿ ಈ ಬೋಲ್ಟ್ ಆಕ್ಸೆಲ್ ಹೋಗುವ ತೂತಿನೊಳಗೆ ಇರುತ್ತದೆ. ಅಂಥದ್ದಕ್ಕೆ ಮೊದಲು ಚಕ್ರ ತೆಗೆಯಲೇಬೇಕು.

ಹೀಗೆ ಸಡಿಲವಾದರೆ ಮುಂದಿನ ಹತಾರದ ಅಗತ್ಯವೇ ಬರುವುದಿಲ್ಲ. ಆದರೆ ಮೂವತ್ತು ವರ್ಷ ಕೂತ ಬೋಲ್ಟ್ ಅಷ್ಟು ಸುಲಭಕ್ಕೆ ಬಗ್ಗುತ್ತಾ?

ಡ್ಯಾಂಪರ್ ರಾಡ್ ಹಿಡಿಯುವ ಟೂಲ್

ಕ್ಯಾಪ್ ತೆಗೆಯುವಾಗ ಎಚ್ಚರ. ಕೊನೆಯ ಸುತ್ತಿನಲ್ಲಿ ಸ್ಪ್ರಿಂಗ್ ಅದನ್ನು ಚಿಮ್ಮಿಸುತ್ತದೆ. ದಪ್ಪ ಬಟ್ಟೆ ಹಾಕಿ ಅಂಗೈಯಲ್ಲಿ ಒತ್ತಿ ಹಿಡಿದೇ ತಿರುಗಿಸಿ, ಮುಖ ಪಕ್ಕಕ್ಕಿರಲಿ, ಕನ್ನಡಕ ಹಾಕಿಕೊಳ್ಳಿ. ಸ್ಪ್ರಿಂಗ್ ಹೊರತೆಗೆದು ಎಣ್ಣೆ ಸುರಿದು ಟಾರ್ಚ್ ಬಿಡಿ. ಪೈಪಿನ ಆಳದಲ್ಲಿ ಡ್ಯಾಂಪರ್ ರಾಡಿನ ತಲೆ ಕಾಣುತ್ತದೆ. ಕೆಲವದರಲ್ಲಿ ತಲೆಯೊಳಗೆ ಆರು ಅಥವಾ ಹನ್ನೆರಡು ಮೂಲೆಯ ಗುಂಡಿ ಇರುತ್ತದೆ, ಕೆಲವದರಲ್ಲಿ ಬರೀ ದುಂಡನೆ ತೂತು.

ಅಷ್ಟು ಆಳಕ್ಕೆ ವರ್ನಿಯರ್ ಇಳಿಯುವುದಿಲ್ಲ. ಉದ್ದ ಕೋಲಿನ ತುದಿಗೆ ನೆನೆಸಿ ಮೆದು ಮಾಡಿದ ಬಟ್ಟೆ ಸೋಪು ಮೆತ್ತಿ, ಒಳಗೆ ಬಿಟ್ಟು ಒತ್ತಿ ತೆಗೆಯಿರಿ. ಗುಂಡಿಯ ಅಚ್ಚು ಸೋಪಿನ ಮೇಲೆ ಮೂಡುತ್ತದೆ, ಅದನ್ನು ಅಳೆಯಿರಿ. ಉಳಿದ ಸೋಪು ಸೀಮೆಎಣ್ಣೆಗೆ ಹೋಗುವುದಿಲ್ಲ, ಎಲ್ಲ ಬಿಚ್ಚಿದ ಮೇಲೆ ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ.

ಮೂಲೆಗಳಿದ್ದರೆ ಕೆಲಸ ಸರಳ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದಕ್ಕೂ ಥ್ರೆಡ್ ಇರುವ ರಾಡ್ ಒಂದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಫೋರ್ಕ್ ಪೈಪಿಗಿಂತ ಒಂದು ಗೇಣು ಉದ್ದ ಬರುವಂತೆ ಕತ್ತರಿಸಿ. ಅಚ್ಚಿನ ಅಳತೆಗೆ ಸರಿಯಾದ ಎರಡು ನಟ್ ತುದಿಗೆ ಹಾಕಿ, ಒಂದಕ್ಕೊಂದು ಎದುರಾಗಿ ಬಿಗಿ ಮಾಡಿ. ಅಂಗಡಿಯಲ್ಲಿ 12 ಮಿ.ಮೀ. ನಟ್ 18 ಅಥವಾ 19 ಪಾನದ್ದು ಇರುತ್ತದೆ, 16 ಮಿ.ಮೀ. ನಟ್ 24 ಪಾನದ್ದು. ಸೋಪಿನ ಅಚ್ಚನ್ನೇ ಕೊಂಡುಹೋಗಿ ಹೋಲಿಸಿ ತನ್ನಿ. ಬರೀ ಲಾಕ್ ಮಾಡಿದ ನಟ್‌ಗಳು ಜೋರು ಬಿದ್ದಾಗ ಸುತ್ತಿಕೊಳ್ಳುತ್ತವೆ, ಹಾಗಾಗಿ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಚುಕ್ಕಿ ಹಾಕಿಸುವುದು ಒಳ್ಳೆಯದು. ಮೇಲಿನ ತುದಿಗೆ ಅಡ್ಡ ಸರಳು ಬೆಸುಗೆ ಹಾಕಿಸಿದರೆ ಹಿಡಿ ಆಯ್ತು.

ದುಂಡನೆ ತೂತಿದ್ದರೆ ಚೌಕ ಸರಳು ತಗೊಂಡು, ತುದಿಯ ನಾಲ್ಕೂ ಮೂಲೆ ಚೂಪಾಗಿ ಉಳಿಯುವಂತೆ ಗ್ರೈಂಡರಿನಲ್ಲಿ ಓರೆಯಾಗಿ ಕೆತ್ತಿ. ಮೇಲಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಮೂಲೆಗಳು ಕಚ್ಚುತ್ತವೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಮರದ ಕೋಲನ್ನೇ. ಗಟ್ಟಿ ಕಾಫಿ ಕೋಲಿನ ತುದಿ ಚೂಪು ಮಾಡಿ ತೂತಿಗೆ ಬಿಗಿಯಾಗಿ ಕೂರಿಸಿದರೆ ಎಷ್ಟೋ ಬೋಲ್ಟ್ ಬರುತ್ತವೆ, ಒಳಗಿನ ರಾಡಿಗೆ ಚೂರೂ ಪೆಟ್ಟಾಗುವುದಿಲ್ಲ.

ಮರದ ಹಿಡಿಕಟ್ಟು

ಇದು ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಹತಾರ. ಫೋರ್ಕಿನ ಕೆಳಗಿನ ಭಾಗವನ್ನು, ಅಂದರೆ ಬಾಟಮ್ಮನ್ನು, ನೇರ ವೈಸಿಗೆ ಹಾಕಿದರೆ ಅಲ್ಯೂಮಿನಿಯಂ ಅದುಮಿಹೋಗುತ್ತದೆ. ಒಳಗಿನ ದುಂಡು ಒಂದಿಷ್ಟು ಕೆಟ್ಟರೂ ಪೈಪ್ ಸಿಕ್ಕಿಕೊಂಡು ಓಡುತ್ತದೆ.

ಹಲಸು, ಹೊನ್ನೆ ಅಥವಾ ತೇಗದ ನಾಲ್ಕಿಂಚು ಅಗಲ, ಎರಡಿಂಚು ದಪ್ಪದ ತುಂಡು ಬೇಕು. ಸಿಲ್ವರ್ ಓಕ್ ತೋಟದಲ್ಲಿ ಎಷ್ಟೇ ಇದ್ದರೂ ಇದಕ್ಕೆ ಬೇಡ, ಬೇಗ ಸೀಳುತ್ತದೆ. ಬಡಗಿಯ ಹತ್ತಿರ ಬಾಟಮ್ಮಿನ ಹೊರವ್ಯಾಸಕ್ಕೆ ಸರಿಯಾಗಿ ತೂತು ಹಾಕಿಸಿ, ತೂತಿನ ನಡುವೆ ಹಾದುಹೋಗುವಂತೆ ಗರಗಸದಲ್ಲಿ ಎರಡು ಹೋಳು ಮಾಡಿಸಿ. ಗರಗಸ ತಿಂದ ಜಾಗವೇ ಬಿಗಿತಕ್ಕೆ ಬೇಕಾದ ಸಂದು. ಒಳಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ. ಈ ಎರಡು ಹೋಳಿನ ನಡುವೆ ಫೋರ್ಕಿಟ್ಟು ವೈಸಿಗೆ ಹಾಕಿದರೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ, ಬಣ್ಣವೂ ಹೋಗುವುದಿಲ್ಲ.

ಕೆಲವು ಹಳೆ ಫೋರ್ಕುಗಳಲ್ಲಿ ಸೀಲ್ ಇರುವುದು ಥ್ರೆಡ್ಡಿನ ಮೇಲೆ ಕೂತ ಕ್ರೋಮ್ ಕಾಲರಿನಲ್ಲಿ. ಅದಕ್ಕೂ ಇಂಥದ್ದೇ ಇನ್ನೊಂದು ಜೊತೆ ಬೇಕು. ಹೋಳುಗಳನ್ನು ಒಂದೂವರೆ ಅಡಿ ಉದ್ದ ಬಿಟ್ಟು, ತೂತಿನ ಎರಡು ಬದಿಗೂ ಬೋಲ್ಟ್ ಹಾಕಿ ಬಿಗಿದರೆ ಉದ್ದ ಭಾಗವೇ ಹಿಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಕಾಲರಿನ ಸುತ್ತ ಬಟ್ಟೆ ಸುತ್ತಿ ಕುದಿಯುವ ನೀರು ಹುಯ್ದು, ಬಿಸಿ ಇರುವಾಗಲೇ ತಿರುಗಿಸಿ.

ಸೀಲ್ ತೆಗೆಯುವುದು, ಹಾಕುವುದು

ಸೀಲ್ ಮೇಲಿನ ತಂತಿ ಕ್ಲಿಪ್ ಎಬ್ಬಿಸಲು ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ತೀಡಿದರೆ ಸಾಕು. ಹಳೆ ಸೀಲ್ ಎತ್ತಲು ಸಣ್ಣ ಟೈರ್ ಲಿವರಿನ ತುದಿಯನ್ನು ಉಜ್ಜಿ ನುಣುಪು ಮಾಡಿ, ಬಾಟಮ್ಮಿನ ಅಂಚಿನ ಮೇಲೆ ಮರದ ಚೂರಿಟ್ಟು ಅದರ ಮೇಲೆ ಮೀಟಿ. ಅಂಚಿಗೆ ಕಬ್ಬಿಣ ನೇರ ತಾಗಕೂಡದು.

ಹೊಸ ಸೀಲ್ ಹೊಡೆಯಲು ತೋಟದ ನೀರಿನ ಲೈನಿನ ದಪ್ಪ ಪಿವಿಸಿ ಪೈಪ್ ತುಂಡು ಬೇಕು. ಸೀಲ್ ಮೇಲೆ ಮೂರು ಅಂಕಿ ಇರುತ್ತವೆ. 33-46-11 ಅಂತಿದ್ದರೆ ಒಳವ್ಯಾಸ 33, ಹೊರವ್ಯಾಸ 46, ದಪ್ಪ 11 ಮಿ.ಮೀ. ಪಿವಿಸಿ ಪೈಪಿನ ಒಳಗೆ ಫೋರ್ಕ್ ಪೈಪ್ ಸಲೀಸಾಗಿ ಜಾರಬೇಕು, ಅದರ ಹೊರಮೈ ಸೀಲಿಗಿಂತ ಸಣ್ಣದಿರಬೇಕು. ಈ ಅಳತೆಗೆ 40 ಮಿ.ಮೀ. ಪೈಪ್ ಹೊಂದುತ್ತದೆ. ಕತ್ತರಿಸಿದ ಬಾಯಿ ನೇರವಾಗಿರಲಿ, ಓರೆಯಾದರೆ ಸೀಲೂ ಓರೆಯಾಗಿ ಕೂರುತ್ತದೆ. ಹೊಸ ಸೀಲ್ ಮೇಲೆ ಹಳೆ ಸೀಲಿಟ್ಟು ಹೊಡೆಯಿರಿ, ಆಗ ಪೆಟ್ಟು ಅಂಚಿನವರೆಗೂ ಸಮನಾಗಿ ಹರಡುತ್ತದೆ. ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಫೋರ್ಕ್ ಆಯಿಲ್ ಸವರಿ, ಆಮೇಲೆ ಸೀಲ್ ಇಳಿಸಿ.

ತಳದ ಬೋಲ್ಟಿನ ತಾಮ್ರದ ವಾಷರ್ ಹೊಸದು ಸಿಗದಿದ್ದರೆ ಹಳೆಯದನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆದುವಾಗಿ ಮತ್ತೆ ಸರಿಯಾಗಿ ಕೂರುತ್ತದೆ.

ಎಣ್ಣೆಯ ಮಟ್ಟಕ್ಕೆ ಸಿರಿಂಜ್

ಮೆಡಿಕಲ್ ಶಾಪಿನಲ್ಲಿ 50 ಮಿ.ಲೀ. ಸಿರಿಂಜ್ ಮತ್ತು ಡ್ರಿಪ್ ಟ್ಯೂಬ್ ತನ್ನಿ. ಟ್ಯೂಬಿಗೆ ಗಟ್ಟಿ ತಂತಿ ಕಟ್ಟಿ, ನಿಮ್ಮ ಗಾಡಿಯ ಮ್ಯಾನುಯಲ್ಲಿನಲ್ಲಿರುವ ಅಳತೆಗೆ ಟೇಪಿನ ಗುರುತು ಹಾಕಿ. ಸ್ಪ್ರಿಂಗ್ ಹೊರಗಿಟ್ಟು, ಸ್ವಲ್ಪ ಜಾಸ್ತಿಯೇ ಎಣ್ಣೆ ಹಾಕಿ. ಸ್ವಲ್ಪ ಜಾಸ್ತಿಯೇ ಎಣ್ಣೆ ಹಾಕಿ. ಟೇಪಿನ ಗುರುತು ಪೈಪಿನ ಬಾಯಿಗೆ ಸಮವಾಗುವಂತೆ ಟ್ಯೂಬ್ ಇಳಿಸಿ, ಗಾಳಿ ಬರುವವರೆಗೆ ಎಳೆಯಿರಿ. ಎರಡೂ ಕಾಲಿಗೆ ಇದೇ ಮಟ್ಟ.

ಜೋಡಿಸುವಾಗ ಆಕ್ಸೆಲ್ ನಟ್ ಬಿಗಿದು, ಆಕ್ಸೆಲ್ ಹಿಡಿಯುವ ಕ್ಲಾಂಪ್ ಬೋಲ್ಟ್ ಸಡಿಲವಾಗಿಯೇ ಬಿಡಿ. ಗಾಡಿಯನ್ನು ನೆಲಕ್ಕಿಳಿಸಿ ಫೋರ್ಕನ್ನು ಕೆಲವು ಸಲ ಜೋರಾಗಿ ಕುಲುಕಿ. ಎರಡೂ ಕಾಲು ನೇರಕ್ಕೆ ಬಂದು ನಿಲ್ಲುತ್ತವೆ. ಆ ಬೋಲ್ಟನ್ನು ಆಮೇಲೆ ಬಿಗಿಯಿರಿ.