ಎರಡನೆಯವನು ಕಟ್ಟುವ ಬೆಲೆ

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಹಳೆಯ ಏರ್ ಪಿಸ್ತೂಲುಗಳು ಇಂಗ್ಲೆಂಡಿನ ಹರಾಜಿನಲ್ಲಿ ಎಷ್ಟಕ್ಕೆ ಹೋದಾವೆಂದು ಊಹಿಸಿ ಬರೆದಿಡುವುದು ನನ್ನ ಹವ್ಯಾಸ. ಆ ಪುಸ್ತಕದ ಮೊದಲ ಸಾಲು ಹೀಗಿದೆ: "ವೆಬ್ಲಿ ಸೀನಿಯರ್, ಪೆಟ್ಟಿಗೆ ಸಹಿತ. ಅಂದಾಜು 320 ಪೌಂಡ್. ಹೋದದ್ದು 170." ಅದರ ಕೆಳಗಿನ ಹನ್ನೊಂದು ಸಾಲುಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಒಂದನ್ನು ಬಿಟ್ಟು ಉಳಿದೆಲ್ಲವೂ ನಾನು ಹೇಳಿದ್ದಕ್ಕಿಂತ ಕಡಿಮೆಗೆ ಹೋದವು. ಶಿರಸಿಯ ಅಡಿಕೆ ವಖಾರಿಯಲ್ಲಿ 26 ವರ್ಷ ಲೆಕ್ಕ ಬರೆದವನು ನಾನು. ಚೀಲದೊಳಗೆ ಕೈ ಹಾಕಿ ಒಣಗಿಸಿ ಸುಲಿದ ನಾಲ್ಕು ಚಾಲಿ ಅಡಿಕೆ ಹೊರತೆಗೆದರೆ ಆ ದಿನ ಅದಕ್ಕೆ ಏನು ದರ ಬಿದ್ದೀತೆಂದು ಹೇಳುತ್ತಿದ್ದೆ, ಬಹಳ ಸಲ ಹಾಗೆಯೇ ಆಗುತ್ತಿತ್ತು. ಆದ್ದರಿಂದ ಈ ಹನ್ನೆರಡು ಸಾಲುಗಳು ನನ್ನನ್ನು ಚೆನ್ನಾಗಿಯೇ ಕೆಣಕಿದವು.

ಇದಕ್ಕೆಲ್ಲ ಕಾರಣ ತಂಗಿಯ ಮಗ. ಅವನಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸ. ಅಲ್ಲಿ ಯಾವುದೋ ಹಳೆಯ ಸಾಮಾನಿನ ಸಂತೆಯಲ್ಲಿ ಏರ್ ಪಿಸ್ತೂಲೊಂದನ್ನು ಕಂಡು ಫೋಟೊ ಕಳಿಸಿದ. "ಮಾವ, ಅಡಿಕೆಗೆ ದರ ಹೇಳುತ್ತಿದ್ದಿರಲ್ಲ, ಇದಕ್ಕೆ ಹೇಳಿ ನೋಡೋಣ" ಎಂದ. ನಮ್ಮ ಮನೆಯಲ್ಲಿ ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲು ಅಪ್ಪ ಇಟ್ಟುಕೊಂಡಿದ್ದ ಗಾಳಿ ಕೋವಿಯೊಂದಿತ್ತು. ಅದರ ಸ್ಪ್ರಿಂಗು ಮುರಿದಾಗ ಬಿಚ್ಚಿ ನೋಡಿದ್ದೆ. ನನಗಿದ್ದ ವಿದ್ಯೆ ಅಷ್ಟೇ. ನಿವೃತ್ತನಿಗೆ ಮತ್ತೇನು ಬೇಕು? ಅವನು ಹರಾಜಿನ ಪಟ್ಟಿ ಕಳಿಸುತ್ತಾನೆ, ನಾನು ಅಂದಾಜು ಬರೆದಿಡುತ್ತೇನೆ. ಇಂದಿನವರೆಗೆ ಒಂದನ್ನೂ ಕೊಂಡಿಲ್ಲ, ಕೊಳ್ಳುವ ಆಸೆಯೂ ಇಲ್ಲ.

ಮೊದಲ ಹನ್ನೆರಡು ಸಾಲು ಏಕೆ ತಪ್ಪಿದವೆಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ತಪ್ಪು ಪಿಸ್ತೂಲಿನಲ್ಲಿ ಇರಲಿಲ್ಲ, ನನ್ನ ವಖಾರಿಯ ಅಭ್ಯಾಸದಲ್ಲಿತ್ತು. ನಮ್ಮಲ್ಲಿ ಅಡಿಕೆ ಹೋಗುವುದು ಟೆಂಡರಿನಲ್ಲಿ. ವ್ಯಾಪಾರಿ ರಾಶಿಯ ಮುಂದೆ ಕೂರುತ್ತಾನೆ, ಅಡಕತ್ತರಿಯಲ್ಲಿ ಎರಡು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಪಕ್ಕದವನಿಗೆ ಕಾಣದಂತೆ ಚೀಟಿಯಲ್ಲಿ ದರ ಬರೆಯುತ್ತಾನೆ. ಅತಿ ಹೆಚ್ಚು ಬರೆದವನಿಗೆ ಮಾಲು, ಅವನು ಬರೆದ ದರಕ್ಕೇ. ಎರಡನೆಯವನು ಸಾವಿರ ರೂಪಾಯಿ ಕಡಿಮೆ ಬರೆದಿದ್ದರೂ ಗೆದ್ದವನಿಗೆ ಒಂದು ರೂಪಾಯಿ ಮರಳುವುದಿಲ್ಲ. ಹಾಗಾಗಿ ದರ ಊಹಿಸುವವನು ನೋಡಬೇಕಾದದ್ದು ಮಾಲಿನ ಮೇಲೆ ಅತಿ ಹೆಚ್ಚು ಕಣ್ಣಿಟ್ಟವನನ್ನು.

ಇಂಗ್ಲೆಂಡಿನ ಹರಾಜು ಹಾಗಲ್ಲ. ಅದು ಕೂಗಿ ಏರಿಸುವ ಸವಾಲು. ಒಬ್ಬನಿಗೆ ಆ ವೆಬ್ಲಿಗಾಗಿ 400 ಪೌಂಡ್ ಕೊಡುವಷ್ಟು ಹುಚ್ಚಿರಬಹುದು. ಆದರೆ ಅವನ ಎದುರಾಳಿ 160ಕ್ಕೆ ಕೈ ಇಳಿಸಿದರೆ 170ಕ್ಕೆ ಹರಾಜುಗಾರನ ಸುತ್ತಿಗೆ ಬಿದ್ದು ಸವಾಲು ಮುಗಿಯುತ್ತದೆ. ಆ ಹುಚ್ಚಿನ ಅಳತೆ ಯಾರಿಗೂ ಗೊತ್ತಾಗುವುದೇ ಇಲ್ಲ. ನಾನು ಮೊದಲನೆಯವನ ಮನಸ್ಸನ್ನು ಓದುತ್ತಿದ್ದೆ, ಅಲ್ಲಿ ಬೆಲೆ ಕಟ್ಟುವವನು ಎರಡನೆಯವನು. ಇದು ಹೊಳೆದ ದಿನದಿಂದ ಪಟ್ಟಿ ನೋಡಿದಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಬೇಕೆನ್ನುವ ಎರಡನೇ ಮನುಷ್ಯ ಯಾರು, ಅವನು ಎಲ್ಲಿ ನಿಲ್ಲುತ್ತಾನೆ?

ಅವನು ಯಾರೆಂಬುದು ಪಿಸ್ತೂಲಿನ ಜಾತಿಯ ಮೇಲೆ ಹೋಗುತ್ತದೆ. ವೆಬ್ಲಿ ಕಂಪನಿ ಮೂಲತಃ ಬರ್ಮಿಂಗ್‌ಹ್ಯಾಮಿನದೇ. ಅದರ ಮೊದಲ ಏರ್ ಪಿಸ್ತೂಲು ಮಾರ್ಕ್ 1 ಬಂದದ್ದು 1924ರಲ್ಲಿ. ನಳಿಗೆ ಸಿಲಿಂಡರಿನ ಮೇಲೆಯೇ ಮಲಗಿರುತ್ತದೆ. ಅದನ್ನು ಮೇಲಕ್ಕೆತ್ತಿ ಮಡಚಿದರೆ ಸ್ಪ್ರಿಂಗು ಕೂರುತ್ತದೆ. ಜಾಗ ಉಳಿಸಿದ ಈ ಜಾಣತನ ನನಗೆ ಇಂದಿಗೂ ಖುಷಿ ಕೊಡುತ್ತದೆ. ಇದನ್ನು ಕೊಳ್ಳುವವರು ಸಂಗ್ರಹಕಾರರು, ಅವರಿಗೆ ಹೊಡೆಯುವ ಆಸೆ ಕಡಿಮೆ, ಪೆಟ್ಟಿಗೆಯ ಮೇಲಿನ ಚೀಟಿಯ ಆಸೆ ಹೆಚ್ಚು. ಜರ್ಮನಿಯ ಫೈನ್‌ವರ್ಕ್‌ಬೌ 65 ಹಾಗಲ್ಲ. ಅದು ಸ್ಪರ್ಧೆಗೆಂದೇ ಮಾಡಿದ್ದು. ಗುಂಡು ಹಾರುವಾಗ ಮೇಲಿನ ಭಾಗ ಹಳಿಯ ಮೇಲೆ ಹಿಂದೆ ಸರಿದು ಕೈಗೆ ಒದೆತ ತಟ್ಟದಂತೆ ನೋಡಿಕೊಳ್ಳುತ್ತದೆ. ಇಂದಿಗೂ ಅದನ್ನು ಹಿಡಿದು ಗುರಿ ಹೊಡೆಯುವವರಿದ್ದಾರೆ. ಅವರಿಗೆ ಪೆಟ್ಟಿಗೆ ಬೇಡ, ಕೆಲಸ ಮಾಡಿದರೆ ಸಾಕು. ಒಂದೇ ಅಳತೆಗೋಲಿನಿಂದ ಇವೆರಡನ್ನೂ ಅಳೆಯುವುದು ಕೀಳು ದರ್ಜೆಯ ಕೋಕ ಅಡಿಕೆಯನ್ನೂ ಒಳ್ಳೆಯ ದರ್ಜೆಯ ರಾಶಿ ಅಡಿಕೆಯನ್ನೂ ಒಂದೇ ಚೀಲಕ್ಕೆ ತುಂಬಿದಂತೆ.

ನನ್ನ ಹೆಚ್ಚಿನ ಹೊತ್ತು ಕಳೆಯುವುದು ಫೋಟೊ ನೋಡುವುದರಲ್ಲಿ. ಮೊಬೈಲಿನಲ್ಲಿ ಸಾಲದೆಂದು ಮಗಳ ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡೆ. ಮೊದಲು ನೋಡುವುದು ತಿರುಪಿನ ತಲೆ. ಅದರ ಸೀಳು ಚೂಪಾಗಿ ನೇರವಾಗಿದ್ದರೆ ಯಾರೂ ಒಳಗೆ ಕೈ ಹಾಕಿಲ್ಲ. ಸೀಳಿನ ಅಂಚು ಬಾಯಿ ತೆರೆದಂತಿದ್ದರೆ ಅಳತೆ ಹೊಂದದ ಸ್ಕ್ರೂಡ್ರೈವರಿನಿಂದ ತಿರುಗಿಸಿದ್ದಾರೆ, ಒಳಗೆ ಏನು ಬದಲಾಗಿದೆಯೋ ಹೇಳಲಾಗದು. ಆಮೇಲೆ ಲೋಹದ ಮೇಲೆ ಒತ್ತಿದ ಅಕ್ಷರಗಳು. ಮೂಲ ನೀಲಿ ಲೇಪದಲ್ಲಿ ಅಕ್ಷರದ ಅಂಚುಗಳು ಕಡಿದಂತೆ ನಿಲ್ಲುತ್ತವೆ. ತುಕ್ಕನ್ನು ಉಜ್ಜಿ ಹೊಸ ಲೇಪ ಕೊಟ್ಟಿದ್ದರೆ ಮೈ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಅಕ್ಷರಗಳು ನೀರಿನಲ್ಲಿ ನೆನೆದ ಸಾಬೂನಿನ ಮೇಲಿನ ಹೆಸರಿನಂತೆ ಮೆತ್ತಗಾಗಿರುತ್ತವೆ. ಹೊಸಬ ಇದಕ್ಕೆ ಮರುಳಾಗುತ್ತಾನೆ, ಹಳೆಯ ಸಂಗ್ರಹಕಾರ ಕೈ ಕೆಳಗಿಳಿಸುತ್ತಾನೆ. ನಾನಂತೂ ಅಂದಾಜಿನಲ್ಲಿ ಮೂರನೇ ಒಂದು ಭಾಗ ಹೊಡೆದು ಹಾಕುತ್ತೇನೆ. ಬೇಕಲೈಟ್ ಎಂಬ ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿಯಾದರೆ ತಿರುಪಿನ ಸುತ್ತ ಮತ್ತು ಕೆಳಮೂಲೆಯಲ್ಲಿ ಚಕ್ಕೆ ಎದ್ದಿದೆಯೇ ಎಂದು ಹುಡುಕುತ್ತೇನೆ.

ಒಂದೇ ಬದಿಯ ಫೋಟೊ ಹಾಕಿದ್ದರೆ ಇನ್ನೊಂದು ಬದಿಯಲ್ಲಿ ಏನೋ ಇದೆ. ಚೀಲದ ಬಾಯಿಯಲ್ಲಿ ಒಳ್ಳೆಯ ಅಡಿಕೆ ತುಂಬಿ ತಳಕ್ಕೆ ಕಡಿಮೆ ದರ್ಜೆಯ ಬಿಳೆಗೋಟು ಹಾಕುವವರನ್ನು ಕಂಡವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹೆಸರಿನ ಗೊಂದಲವೂ ಸಣ್ಣದಲ್ಲ. ಡಯಾನಾ ಎಂಬುದು ಜರ್ಮನಿಯ ರಾಸ್ಟಾಟ್ ಊರಿನ ಕಾರ್ಖಾನೆಯ ಹೆಸರು. ಎರಡನೇ ಮಹಾಯುದ್ಧದ ನಂತರ ಆ ಹೆಸರೂ ಯಂತ್ರಗಳೂ ಸ್ಕಾಟ್ಲೆಂಡಿನ ಮಿಲ್‌ಬ್ರೊ ಕಂಪನಿಯ ಪಾಲಾದವು. ಹೀಗಾಗಿ ಜರ್ಮನಿಯ ಅಸಲು ಡಯಾನಾ ಬ್ರಿಟನ್ನಿನಲ್ಲಿ 'ಒರಿಜಿನಲ್' ಎಂಬ ಹೆಸರಿನಿಂದ ಮಾರಾಟವಾಯಿತು, ಅಮೆರಿಕದಲ್ಲಿ ಅದಕ್ಕೆ ಹೈ-ಸ್ಕೋರ್, ವಿಂಚೆಸ್ಟರ್ ಎಂಬ ಹೆಸರುಗಳೂ ಬಂದವು. ಹಿಂದೆ ಮಾರಾಟವಾದ ಬೆಲೆಗಳನ್ನು ಹುಡುಕುವಾಗ ಡಯಾನಾ ಎಂದಷ್ಟೇ ಹುಡುಕಿದರೆ ಅರ್ಧ ಲೆಕ್ಕ ಕೈತಪ್ಪುತ್ತದೆ, ಬೇರೆಯದರ ಬೆಲೆಯೂ ನುಸುಳುತ್ತದೆ. ಡಯಾನಾ ಮಾಡೆಲ್ 6ರಲ್ಲಿ ಇನ್ನೊಂದು ತಂಟೆ ಇದೆ. ಒದೆತ ತಡೆಯಲು ಅದರಲ್ಲಿ ಎರಡು ಪಿಸ್ಟನ್‌ಗಳಿವೆ, ಗಾಳಿ ಸೋರದಂತೆ ತಡೆಯುವ ಅವುಗಳ ಸೀಲ್ ಕಾಲ ಕಳೆದಂತೆ ಪುಡಿಯಾಗುತ್ತದೆ. 'ಪರೀಕ್ಷಿಸಿಲ್ಲ' ಎಂದು ಪಟ್ಟಿಯಲ್ಲಿ ಬರೆದಿದ್ದರೆ ಸೀಲ್ ಹೋಗಿದೆ ಎಂದೇ ಓದಿಕೊಳ್ಳುತ್ತೇನೆ.

ಇನ್ನು ನನ್ನ ದೊಡ್ಡ ಪೆದ್ದುತನ. ಆರು ತಿಂಗಳು ಎರಡು ಬಗೆಯ ಬೆಲೆಗಳನ್ನು ಒಂದೇ ಅಂಕಣದಲ್ಲಿ ಬರೆದಿದ್ದೆ. ಸುತ್ತಿಗೆ ಬಿದ್ದ ಬೆಲೆ ಬೇರೆ, ಕೊಂಡವನು ಕೊಡುವ ಹಣ ಬೇರೆ. ಹರಾಜು ಮನೆ ಕೊಂಡವನಿಂದ ಕಮಿಷನ್ ತೆಗೆದುಕೊಳ್ಳುತ್ತದೆ, ಆ ಕಮಿಷನ್ನಿನ ಮೇಲೆ 20 ಶೇಕಡಾ ವ್ಯಾಟ್. ಕಮಿಷನ್ 25 ಶೇಕಡಾ ಎಂದಿಟ್ಟುಕೊಂಡರೆ 200 ಪೌಂಡಿನ ಪಿಸ್ತೂಲಿಗೆ ಜೇಬಿನಿಂದ 260 ಹೋಗುತ್ತದೆ. ಕೆಲವರು ಪ್ರಕಟಿಸುವುದು ಮೊದಲನೆಯದನ್ನು, ಕೆಲವರು ಕಮಿಷನ್ ಸೇರಿಸಿದ್ದನ್ನು. ವಖಾರಿಯಲ್ಲಿ ಟೆಂಡರ್ ದರಕ್ಕೂ ರೈತನ ಕೈ ಸೇರುವ ಹಣಕ್ಕೂ ಇರುವ ಅಂತರವನ್ನು ದಿನಾ ಬರೆದ ನಾನೇ ಇಲ್ಲಿ ಎಡವಿದೆ. ಇಡೀ ಪುಸ್ತಕವನ್ನು ಮತ್ತೆ ಬರೆದೆ.

ಈ ಲೆಕ್ಕದ ರುಚಿ ಹತ್ತಿದ್ದು ಒಂದು ಪ್ರಸಿದ್ಧ ಪಿಸ್ತೂಲಿನಿಂದ. 1963ರಲ್ಲಿ ಬಿಡುಗಡೆಯಾದ ಜೇಮ್ಸ್ ಬಾಂಡ್ ಚಿತ್ರದ ಪೋಸ್ಟರಿಗೆ ಫೋಟೊ ತೆಗೆಯುವಾಗ ನಿಜವಾದ ಪಿಸ್ತೂಲು ಸಿಗದೆ, ಛಾಯಾಗ್ರಾಹಕ ಡೇವಿಡ್ ಹರ್ನ್ ತಮ್ಮದೇ ವಾಲ್ಥರ್ ಎಲ್‌ಪಿ 53 ಏರ್ ಪಿಸ್ತೂಲನ್ನು ಶಾನ್ ಕಾನರಿಯ ಕೈಗೆ ಕೊಟ್ಟಿದ್ದರು. 2010ರಲ್ಲಿ ಲಂಡನ್ನಿನ ಹರಾಜು ಮನೆ ಕ್ರಿಸ್ಟೀಸ್ ಅದಕ್ಕೆ ಕಟ್ಟಿದ ಅಂದಾಜು 15,000ದಿಂದ 20,000 ಪೌಂಡ್. ಹೋದದ್ದು 2,77,250ಕ್ಕೆ. ಇಂಥ ಬೆಸ ಅಂಕಿಗೆ ಯಾರೂ ಕೂಗುವುದಿಲ್ಲವಲ್ಲ ಎಂದು ಕೂತು ಲೆಕ್ಕ ಹಾಕಿದೆ. ಆಗಿನ ಕಮಿಷನ್ ಮೊದಲ 25,000ಕ್ಕೆ 25 ಶೇಕಡಾ, ಅದರ ಮೇಲಿನದಕ್ಕೆ 20. ಸುತ್ತಿಗೆ 2,30,000ಕ್ಕೆ ಬಿದ್ದರೆ 6,250 ಮತ್ತು 41,000 ಸೇರಿ ಸರಿಯಾಗಿ ಆ ಮೊತ್ತವೇ. ಅದೇ ಮಾದರಿಯ ಸಾಮಾನ್ಯ ಪಿಸ್ತೂಲನ್ನು ಈ ಬೆಲೆಯ ಪಕ್ಕದಲ್ಲಿಟ್ಟು ನೋಡಬಾರದು. ಚೌತಿಯಲ್ಲಿ ಗಣಪತಿಯ ಮಂಟಪಕ್ಕೆ ಕಟ್ಟಿದ ಫಲಾವಳಿಯನ್ನು ಸವಾಲಿಗೆ ಇಟ್ಟಾಗ ಒಂದು ತೆಂಗಿನಕಾಯಿ ಸಾವಿರಾರು ರೂಪಾಯಿಗೆ ಹೋಗುವುದುಂಟು. ಮರುದಿನ ಪೇಟೆಯಲ್ಲಿ ಕಾಯಿಗೆ ಆ ದರ ಕೇಳಿದರೆ ನಗುತ್ತಾರೆ.

ಕಾನೂನಿನ ಮಾತೂ ಬೆಲೆಗೆ ತಾಗುತ್ತದೆ. ಬ್ರಿಟನ್ನಿನ 2006ರ ಕಾಯ್ದೆಯಂತೆ ವ್ಯಾಪಾರಸ್ಥರು ಮಾರಿದ ಏರ್ ಪಿಸ್ತೂಲನ್ನು ಕೊಂಡವನಿಗೆ ಮುಖಾಮುಖಿಯಾಗಿಯೇ ಒಪ್ಪಿಸಬೇಕು, ಅಂಚೆಯಲ್ಲಿ ನೇರ ಮನೆಗೆ ಕಳಿಸುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯ ದಿನದಿಂದ ಅದನ್ನು ಇಟ್ಟುಕೊಳ್ಳಲು ಪ್ರಮಾಣಪತ್ರವೂ ಬೇಕು. ದೂರದವನು ಇಷ್ಟೆಲ್ಲ ಓಡಾಟವನ್ನು ಸಣ್ಣ ಬೆಲೆಯ ಮಾಲಿಗೆ ಮಾಡುವುದಿಲ್ಲ. ಆದ್ದರಿಂದ 100 ಪೌಂಡಿನ ಒಳಗಿನವುಗಳಿಗೆ ಎರಡನೆಯವನು ಹರಾಜು ಮನೆಯ ಆಸುಪಾಸಿನವನೇ ಎಂದು ಹಿಡಿಯುತ್ತೇನೆ.

ಈಗ ಒಂದೇ ಅಂಕಿ ಬರೆಯುವುದನ್ನು ಬಿಟ್ಟಿದ್ದೇನೆ. ಎರಡು ಅಂಕಿ ಬರೆಯುತ್ತೇನೆ, ಹತ್ತರಲ್ಲಿ ಏಳು ಸಲ ಅವುಗಳ ನಡುವೆ ಬೀಳಬೇಕು. ಹತ್ತಕ್ಕೆ ಹತ್ತೂ ಬಿದ್ದರೆ ಅಂತರ ಅತಿಯಾಗಿ ಬಿಟ್ಟಿದ್ದೇನೆ ಎಂದರ್ಥ, ಅದೂ ಸೋಲೇ. ತಪ್ಪನ್ನು ಪೌಂಡಿನಲ್ಲಿ ಅಳೆಯುವುದಿಲ್ಲ, ಶೇಕಡಾದಲ್ಲಿ ಅಳೆಯುತ್ತೇನೆ; 60ರ ಮಾಲಿಗೆ 30 ತಪ್ಪುವುದೂ 600ರ ಮಾಲಿಗೆ 30 ತಪ್ಪುವುದೂ ಒಂದೇ ಅಲ್ಲ. ವೆಸ್ಟ್ಲಿ ರಿಚರ್ಡ್ಸ್‌ನ 'ಹೈಯೆಸ್ಟ್ ಪಾಸಿಬಲ್' ತರಹದ ಅಪರೂಪದವು ಬಂದರೆ ಕೆಳಗಿನ ಅಂಕಿಯನ್ನಷ್ಟೇ ಬರೆದು ಸುಮ್ಮನಾಗುತ್ತೇನೆ.

ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಹರಾಜು ಶುರುವಾದರೆ ಬೇಸಿಗೆಯ ಸಮಯದಂತೆ ಇಲ್ಲಿ ಎರಡೂವರೆ. ಊಟ ಮುಗಿಸಿ ಕವಳ ಹಾಕಿಕೊಂಡು ಕೂರಲು ಹೇಳಿ ಮಾಡಿಸಿದ ಹೊತ್ತು. ಮಳೆಗಾಲದಲ್ಲಿ ಮಾತ್ರ ನಾನು ಕಾದಿದ್ದ ಪಿಸ್ತೂಲಿನ ಸರದಿ ಬರುವಾಗಲೇ ಕರೆಂಟು ಹೋಗುತ್ತದೆ. ಸಂಜೆ ಅಳಿಯನಿಗೆ ಫೋನ್ ಮಾಡಿ ಕೇಳಬೇಕು. ಮುಂದಿನ ವಾರದ ಪಟ್ಟಿಯಲ್ಲಿ ಎರಡು ವೆಬ್ಲಿ ಟೆಂಪೆಸ್ಟ್‌ಗಳಿವೆ. ಈ ಮಾದರಿ 1979ರಲ್ಲಿ ಬಂದದ್ದು, ಕೊನೆಕೊನೆಗೆ ಟರ್ಕಿಯಲ್ಲಿ ತಯಾರಾಯಿತು. ಒಂದರ ಮೇಲೆ ಬರ್ಮಿಂಗ್‌ಹ್ಯಾಮ್ ಎಂಬ ಅಚ್ಚು ಸ್ಪಷ್ಟವಾಗಿದೆ, ಅದಕ್ಕೆ 90ರಿಂದ 130 ಎಂದು ಬರೆದಿದ್ದೇನೆ. ಇನ್ನೊಂದರ ಒಂದೇ ಬದಿಯನ್ನು ತೋರಿಸಿದ್ದಾರೆ. ಮತ್ತೊಂದು ಬದಿಯ ಫೋಟೊ ಕೇಳು ಎಂದು ಅಳಿಯನಿಗೆ ಹೇಳಿದ್ದೇನೆ. ಅದು ಬರುವ ತನಕ ಆ ಸಾಲು ಖಾಲಿ.