ಒಂಬತ್ತಂಕಿಯ ಸಂಖ್ಯೆಯನ್ನು ನಾಲ್ಕೇ ಭಾಗಾಕಾರದಲ್ಲಿ ಒಡೆಯುವುದು ಹೇಗೆ?

ದೊಡ್ಡ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳನ್ನು ಹುಡುಕಿ ಎಂದರೆ ಹೆಚ್ಚಿನವರು 2, 3, 5, 7 ಎಂದು ಸಾಲಾಗಿ ಭಾಗಿಸತೊಡಗುತ್ತಾರೆ. 2ರ 29ನೇ ಘಾತದಲ್ಲಿ 1 ಕಳೆದರೆ 53,68,70,911. ಇದರ ವರ್ಗಮೂಲ 23,170ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೂ ಹೋಗುವುದಾದರೆ ಎರಡೂವರೆ ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳು ಸಿಗುತ್ತವೆ. ಸಂಖ್ಯೆಯ ರೂಪ ನೋಡಿ ಹೊರಟರೆ ನಾಲ್ಕು ಭಾಗಾಕಾರ ಸಾಕು.

ಮೊದಲು ಘಾತವನ್ನು ನೋಡಿ. ಅದು 15 ಆಗಿದ್ದರೆ 3 ಮತ್ತು 5ನೇ ಘಾತಗಳಿಂದ ಬರುವ 7, 31 ತಾವಾಗಿಯೇ ಭಾಜಕಗಳಾಗುತ್ತವೆ. 29 ಅವಿಭಾಜ್ಯ, ಆ ದಾರಿ ಇಲ್ಲ. ಹಾಗೆಂದು ಸಂಖ್ಯೆಯೂ ಅವಿಭಾಜ್ಯವೆಂದು ಬರೆದುಬಿಡಬೇಡಿ: 11ನೇ ಘಾತದಿಂದ ಬರುವ 2047 ಎಂದರೆ 23 × 89.

ಎರಡನೆಯದು ಜರಡಿ. 2ರ ಘಾತಗಳನ್ನು ನಮಗೆ ಬೇಕಾದ ಅವಿಭಾಜ್ಯ ಭಾಜಕದಿಂದ ಭಾಗಿಸುತ್ತ ಹೋದರೆ ಶೇಷ 1 ಮೊದಲು ಬರುವುದು 29ನೇ ಘಾತದಲ್ಲಿ. ಫರ್ಮಾ ಪ್ರಮೇಯದ ಪ್ರಕಾರ ಭಾಜಕಕ್ಕಿಂತ ಒಂದು ಕಡಿಮೆಯ ಘಾತದಲ್ಲೂ ಶೇಷ 1 ಬರಲೇಬೇಕು. ಆದ್ದರಿಂದ ಆ 'ಒಂದು ಕಡಿಮೆ' 29ರಿಂದ ಭಾಗವಾಗುತ್ತದೆ, ಸಮಸಂಖ್ಯೆಯಾದ್ದರಿಂದ 58ರಿಂದಲೂ. ಅಂದರೆ 58ರ ಮಗ್ಗಿ ಬರೆದು ಒಂದೊಂದಕ್ಕೂ 1 ಕೂಡಿಸಿದರೆ ಭಾಜಕಗಳೆಲ್ಲ ಆ ಪಟ್ಟಿಯಲ್ಲೇ ಇರುತ್ತವೆ. ಜೊತೆಗೆ, 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. 59 ಮತ್ತು 117 ಇಲ್ಲಿ ಬಿದ್ದುಹೋಗುತ್ತವೆ. 175 ಅವಿಭಾಜ್ಯವಲ್ಲ. ಮುಂದಿನದು 233. ಭಾಗಿಸಿ: ಶೇಷವಿಲ್ಲ, ಭಾಗಲಬ್ಧ 23,04,167.

ಎಡವುವುದು ಇಲ್ಲಿಂದ ಮುಂದೆ. ಕೆಲವರು ಭಾಗಲಬ್ಧವನ್ನೇ ಅವಿಭಾಜ್ಯವೆಂದು ಬರೆದು ಕೈಬಿಡುತ್ತಾರೆ. ಇನ್ನು ಕೆಲವರು ಹಳೆಯ ಮಿತಿ 23,170ನ್ನೇ ಹಿಡಿದು ಒದ್ದಾಡುತ್ತಾರೆ. ಭಾಜಕ ಸಿಕ್ಕ ತಕ್ಷಣ ಮಿತಿಯನ್ನು ಹೊಸದಾಗಿ ಲೆಕ್ಕಹಾಕಲೇಬೇಕು: 23,04,167ರ ವರ್ಗಮೂಲ 1518ಕ್ಕಿಂತ ಕಡಿಮೆ, ಆದ್ದರಿಂದ 1517ರಾಚೆ ಹುಡುಕುವ ಅಗತ್ಯವಿಲ್ಲ. ಸಿಕ್ಕಿದ ಭಾಜಕ ಎರಡನೇ ಸಲವೂ ಹೋಗಬಹುದು. 233ರಿಂದ ಮತ್ತೆ ಭಾಗಿಸಿ. ಶೇಷ 30, ಹೋಗುವುದಿಲ್ಲ. ಪಟ್ಟಿಯಲ್ಲಿ ಮುಂದೆ 8ರ ಪರೀಕ್ಷೆ ದಾಟುವವು 407, 465, 639, 697, 871, 929, 1103. ಇವುಗಳಲ್ಲಿ 407 ಎಂದರೆ 11 × 37, 697 ಎಂದರೆ 17 × 41, 871 ಎಂದರೆ 13 × 67. 465 ಐದರಿಂದ, 639 ಮೂರರಿಂದ ಹೋಗುತ್ತವೆ. ಇಂಥವುಗಳಿಂದ ಭಾಗಿಸುತ್ತ ಕೂರಬೇಡಿ. ಉಳಿದದ್ದು ಎರಡೇ. 929ಕ್ಕೆ ಶೇಷ 247. 1103ಕ್ಕೆ ಶೇಷವಿಲ್ಲ, ಭಾಗಲಬ್ಧ 2089. ಇದರ ವರ್ಗಮೂಲ 46ನ್ನೂ ಮುಟ್ಟದು. ನಮ್ಮ ಪಟ್ಟಿಯ ಮೊದಲ ಸಂಖ್ಯೆಯೇ 59. ಹಾಗಾಗಿ 2089 ಅವಿಭಾಜ್ಯ.

ಉತ್ತರ: 233 × 1103 × 2089.

ತಾಳೆ ನೋಡಲು ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸುವ ವಿಧಾನವೊಂದನ್ನೇ ನಂಬಬೇಡಿ. 2089ರ ಬದಲು 2098 ಬರೆದರೂ ಅದು ಸರಿ ಎನ್ನುತ್ತದೆ. 11ರ ಶೇಷವನ್ನೂ ನೋಡಿ: ಮೂರು ಅಪವರ್ತನಗಳಿಗೆ 2, 3, 10, ಗುಣಲಬ್ಧ 60, ಅದರ ಶೇಷ 5. ಮೂಲ ಸಂಖ್ಯೆಗೂ 5.

ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು 2ನ್ನು ಆಧಾರವಾಗಿಟ್ಟ ಫರ್ಮಾ ಪರೀಕ್ಷೆಯ (ಸಂಖ್ಯೆಗಿಂತ ಒಂದು ಕಡಿಮೆಯ ಘಾತಕ್ಕೆ 2ನ್ನು ಏರಿಸಿ, ಆ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರುತ್ತದೆಯೇ ಎಂದು ನೋಡುವ) ಅಡ್ಡದಾರಿಯನ್ನು ಇಲ್ಲಿ ಹಿಡಿಯಲೇಬಾರದು. ಘಾತ ಅವಿಭಾಜ್ಯವಾಗಿರುವ ಈ ಜಾತಿಯ ಸಂಖ್ಯೆಗಳೆಲ್ಲ, ಒಡೆಯುವಂಥವೂ ಸೇರಿ, ಅದರಲ್ಲಿ ಪಾಸಾಗುತ್ತವೆ. ಈ ಜಾತಿಯ ಸಂಖ್ಯೆಗಳಿಗೆಂದೇ ಇರುವ ಲ್ಯೂಕಾ–ಲೆಹ್ಮರ್ ಪರೀಕ್ಷೆಯನ್ನೇ ಬಳಸಿ.

ಫ್ರಾನ್ಸಿನ ಮರ್ಸೆನ್ 1644ರಲ್ಲಿ 67ನೇ ಘಾತದ ಸಂಖ್ಯೆಯನ್ನು (2ರ 67ನೇ ಘಾತದಲ್ಲಿ 1 ಕಳೆದದ್ದು) ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅದು ಒಡೆಯುತ್ತದೆಂದು ಗಣಿತಜ್ಞ ಲ್ಯೂಕಾ 1876ರಲ್ಲಿ ತೋರಿಸಿದರು. 19,37,07,721 × 7,61,83,82,57,287 ಎಂಬ ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ನೆಲ್ಸನ್ ಕೋಲ್ ಕೊಟ್ಟದ್ದು 1903ರಲ್ಲಿ. ಇಲ್ಲಿ ಬೇಕಾದದ್ದು 134ರ (67ರ ಎರಡರಷ್ಟು) ಮಗ್ಗಿ, ಮೊದಲ ಭಾಜಕ ಅದರ 14,45,580ನೇ ಸಾಲಿನಲ್ಲಿದೆ, ನಮ್ಮ ಈ ವಿಧಾನದಲ್ಲಿ ಸಾಲುಸಾಲಾಗಿ ಭಾಗಿಸುತ್ತ ಅಲ್ಲಿಗೆ ತಲುಪಲು ಕಂಪ್ಯೂಟರ್ ಬೇಕು. ಆದರೆ ಎಕ್ಸೆಲ್ ಬೇಡ. 21 ಅಂಕಿಗಳ ಈ ಸಂಖ್ಯೆಯಲ್ಲಿ ಅದು 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಸೊನ್ನೆ ಮಾಡುತ್ತದೆ, ಬೆಸಸಂಖ್ಯೆ ಸಮವಾಗಿಬಿಡುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ, ಭಾಗಿಸುವಾಗ ಒಂದಲ್ಲ, ಎರಡು ಓರೆಗೆರೆ (//) ಹಾಕಿ. ಒಂದೇ ಹಾಕಿದರೆ ಅಲ್ಲೂ ಕೊನೆಯ ಅಂಕಿಗಳು ಕೆಡಬಹುದು.