ಭೂಕಂಪ ತಾಳುವ ಪಿಲ್ಲರ್‌ಗೆ ರಿಂಗ್ ಕಟ್ಟುವ ಕ್ರಮ

ಪಿಲ್ಲರ್‌ಗೆ ಎಷ್ಟು ಕಂಬಿ ಹಾಕಿದ್ದಾರೆ ಎಂದು ಮನೆ ಕಟ್ಟಿಸುವವರೆಲ್ಲ ಕೇಳುತ್ತಾರೆ. ಆ ಕಂಬಿಗಳನ್ನು ಸುತ್ತುವರಿದು ಹಿಡಿಯುವ ರಿಂಗ್ ಹೇಗೆ ಕಟ್ಟಿದ್ದಾರೆ ಎಂದು ಬಗ್ಗಿ ನೋಡುವವರು ಕಡಿಮೆ. ನೆಲ ಅಲುಗಿದಾಗ ಪಿಲ್ಲರ್‌ನ ಎರಡೂ ತುದಿಗಳು, ಬೀಮಿನ ಕೆಳಗೆ ಮತ್ತು ಸ್ಲ್ಯಾಬಿನ ಮೇಲೆ, ಆ ಕಡೆ ಈ ಕಡೆ ಬಾಗುತ್ತವೆ. ಮೊದಲು ಕಂಬಿಯ ಹೊರಗಿನ ಪದರ, ಅಂದರೆ ಕವರ್ ಕಾಂಕ್ರೀಟ್, ಉದುರುತ್ತದೆ. ಆಮೇಲೆ ಒಳಗಿನ ಕಾಂಕ್ರೀಟ್ ಪುಡಿಯಾಗದಂತೆ, ಉದ್ದ ಕಂಬಿ ಹೊರಕ್ಕೆ ಉಬ್ಬದಂತೆ ಹಿಡಿದಿಡುವುದು ರಿಂಗ್ ಮಾತ್ರ.

ಭೂಕಂಪ ವಲಯಗಳನ್ನು ಗುರುತಿಸುವ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ, ವಿಜಯಪುರ ಮೂರನೇ ವಲಯದಲ್ಲಿವೆ (ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು); ಅಲ್ಲಿ ಆರ್‌ಸಿಸಿ ಕಟ್ಟಡಕ್ಕೆ ಭೂಕಂಪ ತಾಳುವಂತೆ ಕಂಬಿ ಕಟ್ಟುವ ಮಾನಕ ಐಎಸ್ 13920ರ ನಿಯಮ ಪಾಲಿಸಲೇಬೇಕು. ಬೆಂಗಳೂರು, ಮೈಸೂರು ಎರಡನೇ ವಲಯ. ಹಾಗೆಂದು ಅಲ್ಲಿಯವರು ಬಿಟ್ಟುಬಿಡಬಾರದು. 1993ರ ಸೆಪ್ಟೆಂಬರ್ 30ರಂದು ಭೂಕಂಪದಲ್ಲಿ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಆಗ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು, ಅದು ನಮ್ಮ ಗಡಿಗೆ ದೂರವೂ ಅಲ್ಲ.

ಲೆಕ್ಕಕ್ಕೆ 300×450 ಮಿ.ಮೀ. ಪಿಲ್ಲರ್ ಹಿಡಿಯೋಣ: 16 ಮಿ.ಮೀ.ಯ ಎಂಟು ಕಂಬಿ, ಕವರ್ 40 ಮಿ.ಮೀ., ಎಂ25 ದರ್ಜೆಯ ಕಾಂಕ್ರೀಟ್, ಸ್ಲ್ಯಾಬಿನಿಂದ ಬೀಮಿನ ತಳಕ್ಕೆ 2,550 ಮಿ.ಮೀ.

ಮೊದಲು ಕೊಕ್ಕೆ. ರಿಂಗಿನ ಎರಡೂ ತುದಿ 135 ಡಿಗ್ರಿ ಬಾಗಿ ಪಿಲ್ಲರ್‌ನ ಹೊಟ್ಟೆಯೊಳಕ್ಕೆ ಹೋಗಬೇಕು. ಬಾಗಿದ ಮೇಲಿನ ಬಾಲ ಕಂಬಿಯ ದಪ್ಪದ ಆರು ಪಟ್ಟು ಇರಬೇಕು, 65 ಮಿ.ಮೀ.ಗೆ ಕಡಿಮೆಯಾಗಬಾರದು. ಸೈಟಿನಲ್ಲಿ ಸಾಮಾನ್ಯವಾಗಿ ಕಾಣುವುದು 90 ಡಿಗ್ರಿ ಕೊಕ್ಕೆ. ಅದರ ಬಾಲ ಕವರ್‌ಗೆ ಅಂಟಿಕೊಂಡೇ ಇರುತ್ತದೆ. ಕವರ್ ಉದುರಿದ ಕ್ಷಣ ರಿಂಗ್ ಬಾಯಿ ಬಿಡುತ್ತದೆ. 10 ಮಿ.ಮೀ. ರಿಂಗಿಗೆ ಸುಮಾರು 1,300 ಮಿ.ಮೀ. ತುಂಡು ಬೇಕು. ಒಂದನ್ನು ಕತ್ತರಿಸಿ, ಬಗ್ಗಿಸಿ, ಬಾಲ ಅಳೆದು ನೋಡಿ. ಸರಿಯಿದ್ದರೆ ಉಳಿದದ್ದನ್ನು ಕತ್ತರಿಸಲು ಹೇಳಿ. ಕಟ್ಟುವಾಗ ಕೊಕ್ಕೆಗಳೆಲ್ಲ ಒಂದೇ ಮೂಲೆಗೆ ಬರದಂತೆ ತಿರುಗಿಸುತ್ತಾ ಹೋಗಬೇಕು.

10 ಮಿ.ಮೀ. ಏಕೆ? 8 ಮಿ.ಮೀ. ಎನ್ನುವುದು ಕನಿಷ್ಠ ಮಿತಿ, ಅಷ್ಟೇ. ಸಣ್ಣ ಪಿಲ್ಲರ್‌ನಲ್ಲಿ ಕವರ್ ಕಳೆದರೆ ಉಳಿಯುವ ತಿರುಳು ತೀರಾ ಚಿಕ್ಕದು, ಆದ್ದರಿಂದ ರಿಂಗಿನ ಬೇಡಿಕೆ ಹೆಚ್ಚು. ಈ ಪಿಲ್ಲರ್‌ಗೆ ನಿಯಮದ ಸೂತ್ರ ಹಾಕಿದರೆ 8 ಮಿ.ಮೀ. ಸಾಲದು, 10 ಮಿ.ಮೀ. ಕೂಡ ಮಧ್ಯದ ಕಂಬಿಗಳನ್ನು ಎರಡೂ ದಿಕ್ಕಿನಲ್ಲಿ ಅಡ್ಡಕೊಂಡಿಯಿಂದ (ಎದುರುಬದುರು ಕಂಬಿಗಳನ್ನು ಕೂಡಿಸಿ ಹಿಡಿಯುವ ತುಂಡು ಕಂಬಿ) ಹಿಡಿದರೆ ಮಾತ್ರ, 70 ಮಿ.ಮೀ. ಅಂತರದಲ್ಲಿ ಸಾಕಾಗುತ್ತದೆ. ಅಡ್ಡಕೊಂಡಿಯ ಎರಡೂ ತುದಿಗೂ 135 ಡಿಗ್ರಿ ಕೊಕ್ಕೆಯೇ. ಡ್ರಾಯಿಂಗ್‌ನಲ್ಲಿ ಇದು ಇಲ್ಲದಿದ್ದರೆ ಇಂಜಿನಿಯರ್ ಹತ್ತಿರ ಲೆಕ್ಕ ಕೇಳಿ.

ಇನ್ನು ಅಂತರ. ತುದಿಗಳಲ್ಲಿ ಒತ್ತಾಗಿ ಕಟ್ಟಬೇಕಾದ ಉದ್ದ ಈ ಮೂರರಲ್ಲಿ ದೊಡ್ಡದು: ಪಿಲ್ಲರ್‌ನ ಅಗಲ ಬದಿ, ಎತ್ತರದ ಆರನೇ ಒಂದು ಭಾಗ, 450 ಮಿ.ಮೀ. ಇಲ್ಲಿ 450, 425, 450; ಆದ್ದರಿಂದ 450. ಅಂತರ ಮಾತ್ರ ಮೂರರಲ್ಲಿ ಚಿಕ್ಕದು: ಕಿರಿದಾದ ಬದಿಯ ಕಾಲುಭಾಗ 75, ಉದ್ದ ಕಂಬಿಯ ಆರು ಪಟ್ಟು 96, ಇಲ್ಲವೇ 100. ಹಾಗಾಗಿ 75ಕ್ಕಿಂತ ಹೆಚ್ಚಾಗಬಾರದು, ನಮ್ಮ ಲೆಕ್ಕದಲ್ಲಿ 70. ನಡುವೆ 150 ಸಾಕು. ತಳದಲ್ಲಿ ಫುಟಿಂಗ್ ಒಳಗೂ ಕನಿಷ್ಠ 300 ಮಿ.ಮೀ. ವರೆಗೆ ಒತ್ತು ರಿಂಗ್ ಇಳಿಯಬೇಕು.

ಹೆಚ್ಚು ಮೋಸ ಹೋಗುವ ಜಾಗ ಬೀಮ್ ಮತ್ತು ಪಿಲ್ಲರ್ ಕೂಡುವ ಗಂಟು. ಬೀಮಿನ ಕಂಬಿ ಬಂದು ಕೂತ ಮೇಲೆ ಕೈ ಆಡುವುದಿಲ್ಲ, ಬಾರ್ ಬೆಂಡರ್ ಅಲ್ಲಿ ರಿಂಗನ್ನೇ ಬಿಟ್ಟುಬಿಡುತ್ತಾನೆ. ಇದು ಬರೀ ಸೋಮಾರಿತನವಲ್ಲ, ಕೆಲಸದ ಕ್ರಮವೇ ತಪ್ಪಿರುತ್ತದೆ. ಬೀಮಿನ ಪಂಜರವನ್ನು ಸೆಂಟ್ರಿಂಗ್ ಮೇಲೆ ಎತ್ತರಿಸಿ ಇಟ್ಟು ಕಟ್ಟಿ. ಮೇಲಿನ ಕಂಬಿ ತೂರಿಸುವ ಮೊದಲೇ ಗಂಟಿಗೆ ಬೇಕಾದ ರಿಂಗ್‌ಗಳನ್ನು ಎಣಿಸಿ ಪಿಲ್ಲರ್ ಕಂಬಿಗೆ ಪೋಣಿಸಿ, ಒಂದರ ಮೇಲೊಂದು ಪೇರಿಸಿಡಿ. ನಂತರ ಮೇಲಿನ ಕಂಬಿ ತೂರಿಸಿ, ಪಂಜರವನ್ನು ಬೀಮಿನ ಪೆಟ್ಟಿಗೆಗೆ ಇಳಿಸಿ. ಕೊನೆಗೆ ಪೇರಿಸಿದ ರಿಂಗ್‌ಗಳನ್ನು ಒಂದೊಂದಾಗಿ ಅದರದರ ಜಾಗಕ್ಕೆ ಎತ್ತಿ ಬೈಂಡಿಂಗ್ ವೈರ್ ಬಿಗಿಯಿರಿ. ನಾಲ್ಕೂ ಕಡೆ ಬೀಮ್ ಇಲ್ಲದ ಗಂಟಿನಲ್ಲಿ, ಮೂಲೆಯ ಪಿಲ್ಲರ್‌ನಲ್ಲಂತೂ, ತುದಿಯ ಅಂತರವೇ ಗಂಟಿನ ಒಳಗೂ ಮುಂದುವರಿಯಬೇಕು.

ಕೆಳಗಿನ ಕಂಬಿಯ ಪಕ್ಕಕ್ಕೆ ಮೇಲಿನ ಕಂಬಿಯನ್ನು ಸೇರಿಸಿ ಕಟ್ಟುವ ಜೋಡಣೆಯನ್ನು, ಅಂದರೆ ಲ್ಯಾಪ್ ಅನ್ನು, ಸ್ಲ್ಯಾಬಿನ ಮೇಲೆಯೇ ಕೊಡುವುದು ರೂಢಿ. ಪಿಲ್ಲರ್ ಅತಿ ಹೆಚ್ಚು ಬಾಗುವ ಜಾಗವೇ ಅದು. ಎತ್ತರದ ನಡುವಿನ ಅರ್ಧ ಭಾಗದಲ್ಲಿ ಮಾತ್ರ ಲ್ಯಾಪ್ ಬರಬೇಕು. ಇಲ್ಲಿ ಸ್ಲ್ಯಾಬಿನಿಂದ ಸುಮಾರು 640ರಿಂದ 1,910 ಮಿ.ಮೀ. ನಡುವೆ. ಎಫ್‌ಇ 500 ದರ್ಜೆಯ 16 ಮಿ.ಮೀ. ಕಂಬಿಗೆ ಲ್ಯಾಪ್ ಉದ್ದ ಸುಮಾರು 780, ಅಷ್ಟುದ್ದಕ್ಕೂ ರಿಂಗ್ 100ಕ್ಕೊಂದು. ಒಂದೇ ಕಡೆ ಅರ್ಧಕ್ಕಿಂತ ಹೆಚ್ಚು ಕಂಬಿಗೆ ಲ್ಯಾಪ್ ಬೇಡ: ನಾಲ್ಕು ಈ ಮಹಡಿಯಲ್ಲಿ, ನಾಲ್ಕು ಮುಂದಿನದರಲ್ಲಿ. ಅಂದರೆ ಸ್ಲ್ಯಾಬಿನ ಮೇಲೆ ಕನಿಷ್ಠ 1,420 ಮಿ.ಮೀ. ಕಂಬಿ ನಿಂತಿರಬೇಕು. ಕಂಬಿ ಕತ್ತರಿಸುವ ಮೊದಲೇ ಇದನ್ನು ಹೇಳದಿದ್ದರೆ ಆಮೇಲೆ ದಾರಿಯಿಲ್ಲ. ಖರೀದಿಸುವಾಗ ಎಫ್‌ಇ 500ಡಿ ಕೇಳಿ. ಅದು ಮುರಿಯುವ ಮೊದಲು ಹೆಚ್ಚು ಹಿಗ್ಗುತ್ತದೆ.

ಪಿಲ್ಲರ್ ಪೆಟ್ಟಿಗೆ ಮುಚ್ಚುವ ಮೊದಲು ಟೇಪ್ ಹಿಡಿದು ಎರಡೂ ತುದಿಯ ರಿಂಗ್ ಎಣಿಸಿ, ಗಂಟಿನದನ್ನು ಬೇರೆಯಾಗಿ ಎಣಿಸಿ, ಫೋಟೊ ತೆಗೆದಿಡಿ. ಇಷ್ಟು ಒತ್ತಾದ ರಿಂಗ್ ನಡುವೆ ಕಾಂಕ್ರೀಟ್ ತಾನಾಗಿ ಇಳಿಯುವುದಿಲ್ಲ. ಜಲ್ಲಿ 20 ಮಿ.ಮೀ. ಮೀರಬಾರದು, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್‌ಗೆ ಸಣ್ಣ ಸೂಜಿ ತರಿಸಬೇಕು, ಗಂಟಿನಲ್ಲಿ ಅದು ಇಳಿಯುವ ಸಂದನ್ನು ಕಂಬಿ ಕಟ್ಟುವಾಗಲೇ ಬಿಟ್ಟಿರಬೇಕು. ವೈಬ್ರೇಟರ್ ಇಳಿಯಲೆಂದು ಯಾರಾದರೂ ರಿಂಗ್ ಸರಿಸಿದ್ದರೆ, ಕಾಂಕ್ರೀಟ್ ಹಸಿಯಿರುವಾಗಲೇ ಸ್ವಸ್ಥಾನಕ್ಕೆ ಎಳೆದು ಕಟ್ಟಿಸಿ.